ಗೆರೆ ಎಳೆದವರಿಗೆ ಉಳಿದದ್ದು

ನದಿ ಮಗ್ಗುಲು ಬದಲಿಸಿದಾಗೆಲ್ಲ ನಮ್ಮೂರು ಎದ್ದು ಆಚೆ ದಡಕ್ಕೆ ಹೋಗುತ್ತದೆ. ತಲೆಮಾರಿಗೊಂದು ಸಲ ಇದು ಇದ್ದದ್ದೇ. ಬಾಗಿಲು ಕಳಚಿ, ತೊಲೆ ಕಳಚಿ, ಒಲೆಯ ಮೂರು ಕಲ್ಲನ್ನೂ ಬಿಡದೆ ಹೊತ್ತುಕೊಂಡು, ಕೋಳಿ ಕುರಿ ಬೈಗುಳ ಸಮೇತ ಹೋಗುತ್ತೇವೆ. ಹೋದ ಮೇಲೆ ಹೊಸ ಕೋಟೆ, ಹೊಸ ಹೆಬ್ಬಾಗಿಲು, ಹೊಸ ಬೀದಿ. ಅದನ್ನೆಲ್ಲ ಮೊದಲು ಕಣದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಯಬೇಕು. ಬರೆಯುವವನಿಗೆ ಗೆರೆಗಾರ ಅಂತ ಹೆಸರು. ಬೇರೆ ಊರುಗಳಲ್ಲಿ ನೂರೆಂಟು ಕಾನೂನು ಇರಬಹುದು. ನಮ್ಮಲ್ಲಿ ಕಟ್ಟಳೆ ಒಂದೇ. ಗೆರೆ ಎಳೆದವರಿಗೆ ಉಳಿದದ್ದು.

ಊರಿನವರೆಲ್ಲ ತಮತಮಗೆ ಬೇಕಾದ ಮನೆ ಜಾಗ ಆರಿಸಿಕೊಂಡ ಮೇಲೆ, ಯಾವುದು ಯಾರಿಗೂ ಬೇಡವಾಯಿತೋ ಅದು ಗೆರೆಗಾರನಿಗೆ. ಈ ಕಟ್ಟಳೆ ಮಾಡಿದವರೇನೂ ದಡ್ಡರಲ್ಲ. ಕೆಟ್ಟ ಜಾಗ ಒಂದು ಬರೆದಿಟ್ಟರೆ ಅದು ತನ್ನ ತಲೆಗೇ ಬರುತ್ತದೆ ಅಂತ ಗೊತ್ತಿದ್ದವನು ಕೆಟ್ಟ ಜಾಗ ಬರೆಯುತ್ತಾನಾ? ಬರೆಯುವುದಿಲ್ಲ. ಹಾಗಾಗಿ ನಮ್ಮೂರು ಎಷ್ಟು ಸಲ ಎದ್ದು ಕೂತರೂ ಚೆನ್ನಾಗಿಯೇ ಕೂತಿದೆ. ಗೆರೆಗಾರನ ಹೆಂಡತಿ ಮಕ್ಕಳು ಹೇಗೆ ಕೂತಿದ್ದಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನು ಗೆರೆಗಾರನ ಮಗಳು. ಗೆರೆಗಾರನ ಹೆಂಡತಿಯೂ ಹೌದು. ನನ್ನನ್ನು ಕೇಳಿ, ಹೇಳುತ್ತೇನೆ.

ನಮ್ಮಪ್ಪ ಗೆರೆ ಎಳೆಯುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ. "ಹೆಬ್ಬಾಗಿಲಿಂದ ಸಂತೆಕಟ್ಟೆಗೆ, ಎರಡು ಗಾಡಿ ಎದುರುಬದುರಾದರೂ ಜಗಳ ಆಗದಷ್ಟು ಬೀದಿ. ಓಣಿ ಎಷ್ಟು ಕಿರಿದಾದರೂ ಹೆಣ ಹೊತ್ತ ನಾಲ್ವರು ತಿರುಗುವಷ್ಟು ಮೂಲೆ. ಕಮ್ಮಾರನ ಕಿಡಿ ಹುಲ್ಲಿನ ಮಾಡಿಗೆ ಹಾರದಷ್ಟು ದೂರ. ಗಾಣದ ಕಿರ್ರೆನ್ನುವ ಸದ್ದು ಬಾಣಂತಿಗೆ ಕೇಳದಷ್ಟು ಆಚೆ. ಬೀದಿ ನೇರ ಮಾಡಬೇಡ ಮಗಳೇ. ನೇರ ಬೀದಿಯಲ್ಲಿ ಮೊದಲು ಗಾಳಿ ಬರುತ್ತೆ, ಆಮೇಲೆ ದಂಡು ಬರುತ್ತೆ." ಹೀಗೆ ಎಲ್ಲರ ಮೂಗು, ಎಲ್ಲರ ಕಿವಿ, ಎಲ್ಲರ ಹೆಣ ನೆನಪಿಟ್ಟುಕೊಂಡು ಬರೆದ. ಕೊನೆಗೆ ನಮಗೆ ಉಳಿದದ್ದು ಬಣ್ಣದ ತೊಟ್ಟಿಗಳ ಪಕ್ಕದ ಜಾಗ. ಊರಿಗೆ ಉಪಕಾರಿ, ಮನೆಗೆ ಮಾರಿ.

ಬಣ್ಣದ ತೊಟ್ಟಿ ಅಂದರೆ ಏನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನೀಲಿ ಸೊಪ್ಪನ್ನು ನೀರಲ್ಲಿ ಕೊಳೆಹಾಕಿ, ಅದು ಹುಳಿತು ನಾತ ಹೊಡೆದ ಮೇಲೆ ಬಟ್ಟೆ ಅದ್ದುತ್ತಾರೆ. ಬಟ್ಟೆ ನವಿಲಿನ ಕತ್ತಿನ ಹಾಗೆ ಬರುತ್ತದೆ. ಪಕ್ಕದ ಮನೆಯವರ ಅನ್ನ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಆಗ ನದಿ ಊರಿನ ಪಡುವಣಕ್ಕಿತ್ತು, ತೊಟ್ಟಿಗಳೂ ಪಡುವಣಕ್ಕೇ. ನಮ್ಮ ಕಡೆ ವರ್ಷದಲ್ಲಿ ಹತ್ತು ತಿಂಗಳು ಗಾಳಿ ಬೀಸುವುದು ಪಡುವಣದಿಂದ. ಅದು ತೊಟ್ಟಿ ದಾಟಿ ನೇರ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನನ್ನ ಹಾಸಿಗೆ ನಾರುತ್ತಿತ್ತು, ಜಡೆ ನಾರುತ್ತಿತ್ತು. ಹೆಣ್ಣು ನೋಡಲು ಬಂದವರು ಮೂಗು ಮುಚ್ಚಿಕೊಂಡು ಬಂದು, ಮೂಗು ಮುಚ್ಚಿಕೊಂಡೇ ಹೋದರು. ಕೊನೆಗೆ ನನ್ನ ಕೈ ಹಿಡಿದದ್ದು ಅಪ್ಪನ ಹತ್ತಿರ ವಿದ್ಯೆ ಕಲಿಯುತ್ತಿದ್ದವರು. ಇವರಿಗೆ ಹುಟ್ಟಿದಾಗಿನಿಂದ ನೆಗಡಿ. ಗುಲಾಬಿಗೂ ಸಗಣಿಗೂ ಇವರ ಮೂಗಿಗೆ ಭೇದವಿಲ್ಲ.

ಆ ತೊಟ್ಟಿಗಳ ಒಡತಿ ಬಣ್ಣದಜ್ಜಿ. ಒಂಟಿ ಹೆಂಗಸು, ಮೊಣಕೈವರೆಗೆ ನೀಲಿ. ನಾನು ಚಿಕ್ಕವಳಿದ್ದಾಗ ಬೇಲಿ ಮೇಲಿಂದ ನೋಡಿ, "ನನ್ನಿಂದ ನಿನ್ನ ಮೂಗಿಗೆ ಕಷ್ಟ ಕಣವ್ವಾ," ಅನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಕಟ್ಟಳೆಯ ಮೇಲೆ ಇತ್ತು.

ಅಪ್ಪ ಹೋದ. ಕೆಲವು ವರ್ಷಕ್ಕೆ ನದಿ ಮತ್ತೆ ಮಗ್ಗುಲು ಬದಲಿಸಿತು. ಮೆಲ್ಲಗೆ ಮೂಡಣಕ್ಕೆ ಸರಿದು ಊರೊಳಗೆ ಕಾಲಿಟ್ಟಿತು. ಎಲ್ಲರೂ ಗಂಟುಮೂಟೆ ಕಟ್ಟಿ ಪಡುವಣ ದಡಕ್ಕೆ ದಾಟಿದೆವು. ಸುಣ್ಣದ ಬುಟ್ಟಿ ಇವರ ಕೈಗೆ ಬಂತು. ಅವತ್ತೇ ನಾನು ಹೇಳಿಬಿಟ್ಟೆ. "ನೋಡ್ರೀ, ನನಗೆ ಒಡವೆ ಬೇಡ, ಸೀರೆ ಬೇಡ. ಉಳಿದ ಆಯಸ್ಸಲ್ಲಿ ಒಳ್ಳೆ ಗಾಳಿ ಬರೋ ಮನೇಲಿ ಮಲಗಬೇಕು. ಈ ಸಲವೂ ನಾತದ ಪಕ್ಕ ಇಟ್ಟರೆ ನಾನು ನಿಮ್ಮ ಜೊತೆ ಬರೋದಿಲ್ಲ. ನದಿ ಎಲ್ಲಿಗೆ ಹೋಗುತ್ತೋ ಅದರ ಹಿಂದೆ ಹೋಗ್ತೀನಿ."

ಇವರು ಸೀನಿದರು. ಅದು ಇವರು ಯೋಚನೆ ಮಾಡುವ ರೀತಿ.

ಆರಿಸುವ ದಿನದವರೆಗೆ ಹೊಸ ನೆಲ ನೋಡುವುದು ಗೆರೆಗಾರನ ಮನೆಯವರು ಮಾತ್ರ, ಅದು ರೂಢಿ. ಇಬ್ಬರೂ ಹೋಗಿ ಜಾಗ ನೋಡಿದೆವು. ಹೊಸ ನೆಲ ಒಂದು ಬೋಗುಣಿ. ಸುತ್ತ ಎತ್ತರ, ನಡುವೆ ತಗ್ಗು. ಮೂಡಣ ಅಂಚಿನಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ಹೊಂಗೆಮರ. ಮರದ ಕೆಳಗೆ ನಿಂತೆ. ಪಡುವಣ ಗಾಳಿ ಬಯಲಿನ ಹುಲ್ಲು ಸವರಿಕೊಂಡು ಬಂದು ಮುಖಕ್ಕೆ ತಾಗಿತು. ಏನು ಸುಖ ಅಂತೀರಿ. ಅಲ್ಲೇ ಕೂತುಬಿಟ್ಟೆ, ಇವರು ಕೈ ಹಿಡಿದು ಎಳೆದು ಎಬ್ಬಿಸಬೇಕಾಯಿತು. ಈಗ ನದಿ ಮೂಡಣಕ್ಕೆ ಇರುವುದರಿಂದ ತೊಟ್ಟಿಗಳು ಈ ದಿಬ್ಬದ ಬೆನ್ನಿಗೇ ಬರುತ್ತವೆ. ಆದರೇನು, ನಾತವೆಲ್ಲ ಗಾಳಿಯ ಜೊತೆ ನದಿಯ ಮೇಲೆ ಹಾರಿಹೋಗುತ್ತದೆ. ತೊಟ್ಟಿಗೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಒಂದು ಚೂರು ವಾಸನೆಯಿಲ್ಲ. ಇದು ಆ ಮರದ ಕೆಳಗೆ ನಿಂತವರಿಗೆ ಗೊತ್ತು. ಸುಣ್ಣದ ಗೆರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಸುಣ್ಣದಲ್ಲಿ ಗಾಳಿ ಕಾಣುವುದಿಲ್ಲವಲ್ಲ.

ನನ್ನ ತಲೆಗೆ ಹೊಳೆದದ್ದು ಅಲ್ಲೇ. ಇವರ ತಲೆಗಲ್ಲ, ನನ್ನ ತಲೆಗೆ. ಪಾಪ, ಇವರ ಮೇಲೆ ಹಾಕಬಾರದು.

"ಆ ದಿಬ್ಬದ ಜಾಗಕ್ಕೆ ಹೋಗೋ ಓಣೀನ ಸೊಟ್ಟಗೆ ಎಳೀರಿ," ಅಂದೆ. "ತೊಟ್ಟಿಗಳನ್ನ ಮನೆ ಗೋಡೆಗೆ ಅಂಟಿದ ಹಾಗೆ ದೊಡ್ಡದಾಗಿ ಬರೀರಿ. ಯಾರು ಮುಟ್ಟುತ್ತಾರೆ ನೋಡೋಣ. ಅದೇ ನಮಗೆ ಉಳಿಯುತ್ತೆ."

"ಅದು ಸರಿ," ಅಂದರು ಇವರು. "ಊರಲ್ಲಿ ಒಲೆ ಅರವತ್ತೊಂದು, ಮನೆ ಜಾಗ ಅರವತ್ತೇ ಬರುತ್ತೆ. ನಡುವಿನ ತಗ್ಗಲ್ಲಿ ಊರ ನೀರೆಲ್ಲ ನಿಲ್ಲುತ್ತೆ. ನಿಮ್ಮಪ್ಪ ಆಗಿದ್ದರೆ ಅಲ್ಲಿ ಹೊಂಡ ಅಂತ ಬರೆದು, ಕೋಟೆ ಗೋಡೇನ ಹತ್ತು ಮಾರು ಆಚೆ ಸರಿಸಿ ಇನ್ನೊಂದು ಮನೆಗೆ ಜಾಗ ಮಾಡೋರು."

"ಹತ್ತು ಮಾರು ಗೋಡೆ ಅಂದ್ರೆ ಊರಿಗೆ ಇನ್ನೊಂದು ತಿಂಗಳು ಮಣ್ಣು ತುಳಿಯೋ ಕೆಲಸ. ಜನ ಸುಮ್ಮನಿರ್ತಾರಾ? ತಗ್ಗಿಗೂ ಒಂದು ಮನೆ ಬರೀರಿ. ಚೌಕಾಕಾರ ಬರೀರಿ, ಮುಂದೆ ಸಂತೆಕಟ್ಟೆ, ಎಡಕ್ಕೆ ಬಾವಿ, ಎರಡು ಕಡೆ ಅಗಲ ಬೀದಿ. ಸುಣ್ಣದಲ್ಲಿ ತಗ್ಗೂ ಕಾಣಲ್ಲ."

ಇವರು ಬುಟ್ಟಿ ಕೆಳಗಿಟ್ಟರು. "ಅಲ್ಲಿಗೆ ಯಾರಾದರೂ ಬಂದು ಮುಳುಗ್ತಾರಲ್ಲೇ."

"ಬರೋದು ಯಾರು? ಇದ್ದಿದ್ದರಲ್ಲಿ ಚೆನ್ನಾಗಿರೋದು ನನಗೇ ಬೇಕು ಅಂತ ಬಾಚಿಕೊಳ್ಳೋನು. ದುರಾಸೆಯವನ ಮನೆಗೆ ನೀರು ನುಗ್ಗಿದರೆ ನಿಮಗೇನು ನೋವು?"

ಎಂಥ ನ್ಯಾಯ ನೋಡಿ. ಅವತ್ತು ನನಗೆ ಅದು ಧರ್ಮದ ಮಾತಿನ ಹಾಗೇ ಕೇಳಿಸಿತ್ತು. ಇವರು ಎರಡು ಸಲ ಸೀನಿ, ಬುಟ್ಟಿ ಎತ್ತಿಕೊಂಡರು.

ಆರಿಸುವ ದಿನ ಬಂತು. ಕಣ ಸಾರಿಸಿ, ಅದರ ಮೇಲೆ ಬೆಳ್ಳಗೆ ಊರು ಬರೆದಿದ್ದರು. ಬುರುಜು ನಾಲ್ಕು, ಬಾಗಿಲು ಎರಡು, ಬೀದಿಗಳು ಹಾವಿನ ಮರಿಗಳ ಹಾಗೆ. ನೋಡಿದವರೆಲ್ಲ ತಲೆದೂಗಿದರು. ಗೆರೆಗಾರ ಊರಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಅವನ ಕಣ್ಣು ಯಾರಿಗೂ ಸನ್ನೆ ಮಾಡಬಾರದು ಅಂತ. ಇವರು ಬೆನ್ನು ತಿರುಗಿಸಿ ನಿಂತರು. ಹೊಸದಾಗಿ ಒಲೆ ಹೂಡಿದವರು ಮೊದಲು, ಹಳೇ ಒಲೆಯವರು ಕೊನೆಗೆ. ತಮ್ಮ ಮನೆಯದೊಂದು ವಸ್ತು ಹಿಡಿದು ಮೂರು ಸುತ್ತು ಬರಬೇಕು, ಸುತ್ತುವವರು ಮಾತಾಡಕೂಡದು, ಮೂರನೇ ಸುತ್ತಿಗೆ ಬೇಕಾದ ಜಾಗದಲ್ಲಿ ಇಡಬೇಕು. ಇಟ್ಟರೆ ಮುಗಿಯಿತು, ಅದು ಅವರದು. ಸುತ್ತ ನಿಂತವರು ಮಾತಾಡಬಹುದು, ಛೇಡಿಸಬಹುದು. ಛೇಡಿಸುವುದಂತೂ ಬೇಕಾದಷ್ಟಿತ್ತು.

ಮೊದಲು ಬಂದದ್ದು ಮೊನ್ನೆ ಮದುವೆಯಾದ ಕುಂಬಾರರ ಜೋಡಿ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಸಂತೆಕಟ್ಟೆ ಎದುರಿನ ಚೌಕದ ಮುಂದೆ ಇಬ್ಬರೂ ನಿಂತರು. ಹುಡುಗಿ ಹುಡುಗನ ಕೈ ಜಗ್ಗಿದಳು. ಮುಂದೆ ಹೋಗಿ ಯಾವುದೋ ಮೂಲೆಯಲ್ಲಿ ಮಡಕೆ ಮುಚ್ಚಳ ಇಟ್ಟರು. "ಅಷ್ಟು ಒಳ್ಳೆ ಜಾಗ ದೊಡ್ಡೋರಿಗೆ ಇರಲಿ ಅಂತ," ಅಂದಳು ಹುಡುಗಿ, ಆಮೇಲೆ.

ಕಮ್ಮಾರ ಬಂದ. ಚೌಕದ ಮುಂದೆ ನಿಂತ, ಮುಂದೆ ಹೋದ. "ಬಾವಿ ಪಕ್ಕದ್ದು ಮಕ್ಕಳೊಂದಿಗರಿಗೆ ಬೇಕಾಗುತ್ತೆ," ಅಂದ, ಅವನೂ ಬೇರೆ ಕಡೆ ಇಟ್ಟ ಮೇಲೆ. ಗಾಣಿಗ ಬಂದ. ಆರು ಮಕ್ಕಳೊಂದಿಗ. ನಿಂತ, ಮುಂದೆ ಹೋದ. "ನಮ್ಮ ಗಲಾಟೆ ಸಂತೆ ಮುಂದೆ ಯಾಕೆ, ವಯಸ್ಸಾದವರಿಗೆ ಇರಲಿ, ಹೆಚ್ಚು ನಡೆಯೋದು ತಪ್ಪುತ್ತೆ." ಸೂಲಗಿತ್ತಿ ಬಂದಳು. ನಿಂತಳು, ಹೋದಳು. ಊರ ಯಜಮಾನ ಬಂದ. ಅವನಂತೂ ಆ ಕಡೆ ನೋಡಲೇ ಇಲ್ಲ. "ಯಜಮಾನ ಅಂತ ಒಳ್ಳೇದೆಲ್ಲ ಬಾಚಿಕೊಂಡ ಅನ್ನಿಸಿಕೊಳ್ಳಲಾ?"

ನಮ್ಮೂರಲ್ಲಿ ತಟ್ಟೆಯಲ್ಲಿ ಕೊನೇ ಒಬ್ಬಟ್ಟು ಉಳಿದರೆ ಅದು ಹಳಸಿಹೋಗುತ್ತದೆಯೇ ಹೊರತು ಯಾರೂ ಮುಟ್ಟುವುದಿಲ್ಲ. ನೀವು ತಗೊಳ್ಳಿ, ಅಯ್ಯೋ ನೀವು ತಗೊಳ್ಳಿ. ಇದೇ ಊರಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ಮರೆತು ಹೇಗೆ ಕೂತಿದ್ದೆನೋ. ನಾನು ದುರಾಸೆಯವನಿಗೆ ಬಲೆ ಹಾಕಿದ್ದೆ. ದುರಾಸೆಯವನು ಬರಲೇ ಇಲ್ಲ.

ಐವತ್ತೊಂಬತ್ತು ಒಲೆ ಮುಗಿಯಿತು. ಉಳಿದ ಜಾಗ ಎರಡು. ನಡುವಿನ ಚೆಂದದ ಚೌಕ, ತೊಟ್ಟಿ ಪಕ್ಕದ ನನ್ನ ದಿಬ್ಬ. ಉಳಿದ ಒಲೆಯೂ ಎರಡು. ಬಣ್ಣದಜ್ಜಿಯದು, ನಮ್ಮದು.

ಅಜ್ಜಿ ಒಂದು ನೀಲಿ ಬಟ್ಟೆ ತುಂಡು ಹಿಡಿದು ಸುತ್ತಲು ಶುರು ಮಾಡಿದಳು. ಒಂದು ಸುತ್ತು. ಊರೆಲ್ಲ ಒಂದೇ ಬಾಯಲ್ಲಿ, "ಅಜ್ಜೀ, ಚೌಕದ್ದು ತಗೋ, ನಿನಗೇ ಅಂತ ಬಿಟ್ಟಿದೀವಿ," ಅಂತ ಕೂಗಿತು. ಎರಡು ಸುತ್ತು. ನಾನು ಮನಸ್ಸಲ್ಲಿ, ಇಡು ಅಜ್ಜಿ, ಅಲ್ಲೇ ಇಡು, ಅಂತ ಜಪ ಮಾಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಮಾಡುತ್ತಿದ್ದೆ. ಮೂರನೇ ಸುತ್ತಿಗೆ ಅವಳು ಚೌಕದ ಮುಂದೆ ನಿಂತಳು. ಬಟ್ಟೆ ಹಿಡಿದ ಕೈ ಮುಂದೆ ಚಾಚಿದಳು. ಚಾಚಿ, ಕತ್ತೆತ್ತಿ ನನ್ನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ.

ಕತ್ತೆತ್ತುವಷ್ಟರಲ್ಲಿ ಬಟ್ಟೆ ದಿಬ್ಬದ ಮೇಲಿತ್ತು.

ಊರಿಗೆ ಊರೇ ಮರುಗಿತು. ಹೆಂಗಸರು ಕಣ್ಣೊರೆಸಿಕೊಂಡರು. ಗೆರೆಗಾರನ ಮನೆಯವರು ಜೀವಮಾನವೆಲ್ಲ ನಾತ ಕುಡಿದರು, ಈ ಸಲ ಅವರಿಗೆ ತಪ್ಪಲಿ ಅಂತ ಮುದುಕಿ ತಾನೇ ಹೋದಳಲ್ಲ, ಎಂಥ ಮನಸ್ಸು ಅಂದರು. ಇವರು ತಿರುಗಿ ನೋಡಿದರು. ಚೌಕ ಖಾಲಿಯಿತ್ತು. ಇವರ ಮುಖ ಕಣದ ಸುಣ್ಣಕ್ಕಿಂತ ಬೆಳ್ಳಗಾಯಿತು.

ನಾನು ಮುಂದೆ ಬಂದು, "ನೋಡಿ, ಆ ಚೌಕ ಒಳ್ಳೇದಲ್ಲ," ಅಂದೆ. "ಅದು ತಗ್ಗು. ಊರ ನೀರೆಲ್ಲ ಅಲ್ಲಿಗೇ ಬರುತ್ತೆ."

ಯಜಮಾನ ನಕ್ಕ. "ಕೇಳಿದಿರೇನ್ರಪ್ಪಾ? ಊರಿನ ಒಳ್ಳೇ ಜಾಗ ಕಾಲ ಕೆಳಗೆ ಬಂದು ಬಿದ್ದರೂ, ಬೇಡ ಅನ್ನೋಕೆ ನೆಪ ಹುಡುಕ್ತಾಳೆ. ನಿಮ್ಮಪ್ಪನ ಮಗಳು ಕಣಮ್ಮಾ ನೀನು."

"ನಿಜವಾಗಲೂ ಗುಂಡಿ ಅದು," ಅಂದರು ಇವರು. "ನಾನೇ ಬರೆದದ್ದು, ನನಗೆ ಗೊತ್ತಿಲ್ವಾ?"

"ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚು," ಅಂತ ಯಾರೋ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾವು ಹೇಳಿದಷ್ಟೂ ನಮ್ಮ ವಿನಯ ಹೆಚ್ಚಾಗುತ್ತಾ ಹೋಯಿತು. ಸಾಕಾಗಿ ಬಾಯಿ ಮುಚ್ಚಿಕೊಂಡೆವು. ಅದಕ್ಕೂ ಮೆಚ್ಚಿಕೊಂಡರು.

ಮನೆ ಎದ್ದಿತು. ಊರಿನವರೇ ಬಂದು ಮಣ್ಣು ತುಳಿದು, ಗೋಡೆ ಇಟ್ಟು, ಹುಲ್ಲು ಹೊದಿಸಿಕೊಟ್ಟರು. ಯಾರ ಮನೆಗೂ ಇಲ್ಲದ ಜಗಲಿ ನಮ್ಮ ಮನೆಗೆ. ಇವರು ದಿನಾ ಜಗಲಿ ಮೇಲೆ ಕೂತು ಮೋಡ ನೋಡುತ್ತಿದ್ದರು. ನಾನು ಅಕ್ಕಿ ಬೇಳೆಯನ್ನೆಲ್ಲ ಅಟ್ಟಕ್ಕೆ ಏರಿಸಿದೆ. ದಿಬ್ಬದ ಕಡೆ ತಲೆ ಹಾಕಲಿಲ್ಲ. ಅಜ್ಜಿಯ ಮುಖ ನೋಡಲು ನಾಚಿಕೆ, ಅಷ್ಟೇ ಹೊಟ್ಟೆಯುರಿ. ನನಗಾಗಿ ತಾನೇ ತ್ಯಾಗ ಮಾಡಿದ್ದೀನಿ ಅಂದುಕೊಂಡು ನನ್ನ ಗಾಳಿಯಲ್ಲಿ ಸುಖವಾಗಿ ಮಲಗಿದ್ದಾಳಲ್ಲ ಅಂತ.

ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಇವರು ಎಳೆದ ಗೆರೆ ಒಂದೂ ತಪ್ಪಲಿಲ್ಲ. ಎಲ್ಲ ಬೀದಿಯ ಚರಂಡಿಯೂ ಬಳುಕುತ್ತಾ ಬಂದು ಸರಿಯಾಗಿ ನಮ್ಮ ಹೊಸ್ತಿಲು ಹುಡುಕಿಕೊಂಡಿತು. ಕಮ್ಮಾರನ ಬೂದಿ ಬಂತು, ಗಾಣದ ಜಿಡ್ಡು ಬಂತು, ಅರವತ್ತು ಕೊಟ್ಟಿಗೆಯ ಗಂಜಲ ಬಂತು. ಯಾರ ಮನೆ ಮುಂದೂ ಒಂದು ಹನಿ ನಿಲ್ಲಲಿಲ್ಲ. ಒಳ್ಳೇ ಗೆರೆಗಾರ ನನ್ನ ಗಂಡ, ಇಲ್ಲ ಅನ್ನಬಾರದು. ಮಂಡಿವರೆಗೆ ನೀರಲ್ಲಿ ನಿಂತು, "ಮಾಡಿದ್ದುಣ್ಣೋ ಮಹಾರಾಯ," ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮಳೆ ನಿಂತ ಮೇಲೆ ಊರೆಲ್ಲ ಬಂದು ಸಂತೆಕಟ್ಟೆ ಮೇಲೆ ಸಾಲಾಗಿ ನಿಂತಿತು. ಕೊನೆಗೆ ಯಜಮಾನ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವತ್ತೇ ಬಾಯಿಬಿಟ್ಟು ಹೇಳಿದ್ರು, ನಾವು ಕೇಳಲಿಲ್ಲ. ಊರ ನೀರೆಲ್ಲ ನಿಲ್ಲೋ ಜಾಗ ಅಂತ ಗೊತ್ತಿದ್ದೂ ತಾವೇ ಇಟ್ಟುಕೊಂಡ್ರು. ಯಾರೂ ಮುಳುಗಬಾರದು ಅಂತ ತಾವು ಮುಳುಗಿದ್ರು. ಇಲ್ಲಿ ಒಂದು ಕಲ್ಲು ನಿಲ್ಲಿಸಬೇಕು ಕಣ್ರಪ್ಪಾ, ಇವರ ಹೆಸರು ಕೆತ್ತಿಸಿ."

"ಇಲ್ಲ, ಹಾಗಲ್ಲ, ನಾವು," ಅಂತ ಇವರು ಶುರು ಮಾಡಿದರು. ಅಷ್ಟರಲ್ಲಿ ಸೀನು ಬಂತು. ಒಂದರ ಮೇಲೊಂದು ಏಳೆಂಟು ಸೀನು. ಕಣ್ಣಲ್ಲಿ ಮೂಗಲ್ಲಿ ನೀರು. ಅಳುತ್ತಿದ್ದಾರೆ ಅಂದುಕೊಂಡು ಇಡೀ ಊರು ಅತ್ತಿತು. ನಾನು ಸೆರಗಿಂದ ಮುಖ ಮುಚ್ಚಿಕೊಂಡು ಆ ಕೊಳಚೆಯಿಂದ ಎದ್ದು ನಡೆದೆ. ಯಾವ ಓಣಿ ಹಿಡಿದೆ ಅಂತ ನನಗೇ ಗೊತ್ತಿರಲಿಲ್ಲ. ಓಣಿ ಸೊಟ್ಟಗಿತ್ತು. ಮೇಲೆ ಹತ್ತುತ್ತಾ ಹೋಗಿ ಹೊಂಗೆಮರದ ಕೆಳಗೆ ಬಿಟ್ಟಿತು.

ಬಣ್ಣದಜ್ಜಿ ಬಾಗಿಲಲ್ಲಿ ಕೂತು ಕಾಲು ಚಾಚಿಕೊಂಡಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಒಣಗಿದ ಸೀರೆ ತಂದುಕೊಟ್ಟಳು. ಸೀರೆ ಉಟ್ಟು ಕೂತೆ. ಮನೆ ಒಣಗಿತ್ತು. ಹಿಂದೆಯೇ ತೊಟ್ಟಿಗಳು, ಆದರೂ ನಾತ ಅನ್ನುವುದು ಹೆಸರಿಗೂ ಇರಲಿಲ್ಲ. ಇನ್ನು ತಡೆಯಲಾಗಲಿಲ್ಲ.

"ಅಜ್ಜೀ, ನಿನ್ನ ಹತ್ತಿರ ಒಂದು ಮಾತು ಹೇಳಬೇಕು. ನೀನು ನನಗೋಸ್ಕರ ಕೆಟ್ಟ ಜಾಗ ತಗೊಂಡೆ ಅಂತ ಊರೆಲ್ಲ ಅಂದ್ಕೊಂಡಿದೆ. ಇದು ಕೆಟ್ಟ ಜಾಗ ಅಲ್ಲ. ಇದು,"

"ಗೊತ್ತು ಕಣವ್ವಾ," ಅಂದಳು ಅಜ್ಜಿ. "ಹಳೇ ಊರಲ್ಲಿದ್ದಾಗ ನಲವತ್ತು ವರ್ಷ, ದಿನಾ ನದಿ ದಾಟಿ ಬಂದು ಈ ದಿಬ್ಬದ ಮೇಲೆ ಬಟ್ಟೆ ಒಣಗಿಸಿದೋಳು ನಾನು. ಗಾಳಿ ಎಲ್ಲಿ ಬೀಸುತ್ತೆ, ನೀರು ಎಲ್ಲಿ ನಿಲ್ಲುತ್ತೆ, ನಿನ್ನ ಗಂಡನಿಂದ ಕಲೀಬೇಕಾ?"

ನಾನು ಅವಳ ಕಡೆ ತಿರುಗಿ ಕೂತೆ. "ಹಾಗಾದ್ರೆ ಗೊತ್ತಿದ್ದೂ, ಅವತ್ತು ಯಾಕೆ ಸುಮ್ಮನಿದ್ದೆ?"

"ನಾನೆಲ್ಲಿ ಸುಮ್ಮನಿದ್ದೆ? ಚೌಕದ ಮುಂದೆ ಕೈ ಚಾಚಿಕೊಂಡು ನಿಂತಿದ್ದು ಮತ್ಯಾಕೆ, ಮಂಡಿನೋವಿಗಾ? ಸುತ್ತೋರು ಮಾತಾಡಬಾರದು, ನಿಂತೋರು ಆಡಬಹುದು. ನಿನ್ನನ್ನೇ ನೋಡ್ತಾ ನಿಂತಿದ್ದೆ. 'ಅಜ್ಜೀ, ಅದು ಬೇಡ' ಅಂತ ಒಂದು ಮಾತು ನಿನ್ನ ಬಾಯಿಂದ ಬಂದಿದ್ದರೆ ಸಾಕಾಗಿತ್ತು, ಬಟ್ಟೆ ಅಲ್ಲೇ ಇಟ್ಟುಬಿಡ್ತಿದ್ದೆ. ಈ ಮನೆ ನಿನಗೇ ಆಗ್ತಿತ್ತು. ನನಗೇನು, ದಿನಾ ನೀರಲ್ಲೇ ನಿಂತು ಕೆಲಸ ಮಾಡೋ ಕಾಲು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂದ ಹಾಗೆ ಅಂದಳು. ಅಜ್ಜಿ ಎದ್ದು ಚಾಪೆ ಬಿಡಿಸಿ ಬಾಗಿಲ ಹತ್ತಿರ ಹಾಸಿದಳು. "ಅತ್ತಿದ್ದು ಸಾಕು, ಒಂದು ಗಳಿಗೆ ಮಲಕ್ಕೋ. ನೀರು ಇಳಿಯೋಕೆ ಮೂರು ದಿನ ಬೇಕು," ಅಂದಳು.

ಮಲಗಿದೆ. ಪಡುವಣದಿಂದ ಮಳೆ ತೊಳೆದ ಗಾಳಿ ಬಂತು. ನಿದ್ದೆ ಬರಲಿಲ್ಲ. ಗಾಳಿ ಮಾತ್ರ, ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ಬಹಳ ಚೆನ್ನಾಗಿತ್ತು.